ಅಬ್ಬ ಮರೆಯುವ ಮುಂಚೆ

ಅಬ್ಬ ಮೊದಲ ಸಲ ಸಿಕ್ಕಿಹಾಕಿಕೊಂಡಿದ್ದು ಕುರ್‌ಆನಿನ ತ್ವಾಹಾ ಅಧ್ಯಾಯದಲ್ಲಿ. ಬೆಳಗಿನ ನಮಾಜು ಮುಗಿಸಿ, ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಎಂದಿನಂತೆ ಕಣ್ಣು ಮುಚ್ಚಿಕೊಂಡು ಓದುತ್ತಿದ್ದರು. ಮಗಳು ಅಡುಗೆಮನೆಯಲ್ಲಿ ಊಟದ ಡಬ್ಬಿ ಕಟ್ಟುತ್ತಿದ್ದಳು. ಓದುವ ದನಿ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು, ಅದೇ ಜಾಗದಲ್ಲಿ ಮತ್ತೆ ನಿಂತಿತು. ಮೂರನೇ ಸಲಕ್ಕೆ ಅವಳು ಕೈ ಒರೆಸಿಕೊಂಡು ಓಡಿಬಂದಳು.

ಅವರು ಹಾಫಿಜ್. ಇಡೀ ಕುರ್‌ಆನ್ ಬಾಯಿಪಾಠ ಮಾಡಿಕೊಂಡವರು, ಆಯುಷ್ಯವೆಲ್ಲ ಅದನ್ನೇ ಕಲಿಸಿದವರು. ಎರಡು ವರ್ಷದ ಕೆಳಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಚಪ್ಪಲಿ ಎಲ್ಲಿಟ್ಟೆ ಅನ್ನುವುದು ಹೋಯಿತು, ಆಮೇಲೆ ಮಸೀದಿಯಿಂದ ಮನೆಗೆ ಬರುವ ದಾರಿ, ಆಮೇಲೆ ಹೆಂಡತಿ ತೀರಿಹೋಗಿದ್ದು. ಕುರ್‌ಆನ್ ಮಾತ್ರ ಕದಲಿರಲಿಲ್ಲ. ಡಾಕ್ಟರೇ ಆಶ್ಚರ್ಯಪಟ್ಟಿದ್ದರು. ಅದಿರುವವರೆಗೆ ಅಬ್ಬ ಇರುತ್ತಾರೆ ಎಂದು ಮಗಳು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದಳು.

"ಮುಂದೆ ಹೇಳು," ಎಂದು ಅಬ್ಬ ಅವಳ ಮಣಿಕಟ್ಟು ಹಿಡಿದರು.

ಅವಳು ಬಾಯಿ ತೆರೆದಳು. ಹುಡುಗಿಯಾಗಿದ್ದಾಗ ಇವರ ಎದುರಿಗೇ ಕೂತು ಕಲಿತ ಅಧ್ಯಾಯ ಅದು. ಅರ್ಧಕ್ಕಿಂತ ಹೆಚ್ಚು ಕುರ್‌ಆನ್ ಆಗಿತ್ತು ಆಗ. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು, ಮನೆ ಇವಳ ತಲೆ ಮೇಲೆ ಬಿತ್ತು. ಸ್ವಲ್ಪ ದಿನ ಬಿಡು, ಆಮೇಲೆ ಶುರು ಮಾಡೋಣ ಅಂದಿದ್ದರು ಅಬ್ಬ. ಆ ಆಮೇಲೆ ಬರಲೇ ಇಲ್ಲ. ಮದುವೆ, ಮಕ್ಕಳು, ಆಸ್ಪತ್ರೆಯ ಲಾಂಡ್ರಿ ಕೆಲಸ. ಈಗ ನಾಲಿಗೆಯ ಮೇಲೆ ಒಂದು ಅಕ್ಷರ ಕೂಡ ಬರಲಿಲ್ಲ.

"ಹೇಳು ಅಂದ್ನಲ್ಲ."

"ಒಂದ್ ನಿಮಿಷ ಇರಿ ಅಬ್ಬ, ತೆಗೆದು ನೋಡ್ತೀನಿ."

ಕಪಾಟಿನಿಂದ ಗ್ರಂಥ ತೆಗೆದು ಪುಟ ಹುಡುಕುವಷ್ಟರಲ್ಲಿ ಅಬ್ಬ ಬೇರೆಲ್ಲೋ ಹೋಗಿದ್ದರು. ತ್ವಾಹಾದಲ್ಲಿರುವ ಪ್ರವಾದಿ ಮೂಸಾರ ಕಥೆ ಬೇರೆ ಹಲವು ಅಧ್ಯಾಯಗಳಲ್ಲೂ ಬರುತ್ತದೆ, ಸಾಲುಗಳು ಅಕ್ಕತಂಗಿಯರ ಹಾಗೆ ಒಂದನ್ನೊಂದು ಹೋಲುತ್ತವೆ. ಒಂದರಲ್ಲಿ ಹೊರಟವರು ಇನ್ನೊಂದರಲ್ಲಿ ತೇಲುತ್ತಿದ್ದರು. ತಾನು ದಾರಿ ತಪ್ಪಿದ್ದೇನೆಂದು ಅವರಿಗೆ ಗೊತ್ತಾಗುತ್ತಿತ್ತು, ಸರಿದಾರಿ ಮಾತ್ರ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರು. ಅವಳ ಗಂಡ ಎದ್ದು ಬಂದು ಹಿಂದಿನಿಂದ ತಬ್ಬಿ ಹಿಡಿಯಬೇಕಾಯಿತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಸಮಸ್ಯೆಗೂ ಒಂದು ಪಾರ್ಟ್ ಸಿಕ್ಕೇ ಸಿಗುತ್ತದೆ ಎಂದು ನಂಬಿದವನು. ಫೋನಿನಲ್ಲಿ ಒಳ್ಳೆಯ ಕುರ್‌ಆನ್ ಓದುಗಾರರೊಬ್ಬರ ದನಿ ಹಾಕಿಕೊಟ್ಟ. ಅಬ್ಬ ಸ್ವಲ್ಪ ಹೊತ್ತು ಕೇಳಿ, ಫೋನಿನ ಮೇಲೆ ದಿಂಬು ಇಟ್ಟುಬಿಟ್ಟರು.

"ಯಾಕೆ ಮಾವ, ಚೆನ್ನಾಗಿಲ್ವಾ?"

"ಚೆನ್ನಾಗಿ ಓದ್ತಾನೆ. ನನಗೋಸ್ಕರ ನಿಲ್ಲಲ್ಲ."

ಅದರ ಮಾರನೇ ದಿನವೇ ಅವಳು ಪಾಳಿ ಮುಗಿಸಿ ಪಕ್ಕದ ಬೀದಿಯ ಆಪಾ ಮನೆಗೆ ಹೋದಳು. ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಆದರೆ ಮನೆಯಲ್ಲೇ ಮಕ್ಕಳಿಗೆ ಕುರ್‌ಆನ್ ಬಾಯಿಪಾಠ ಹೇಳಿಕೊಡುವಾಕೆಯಾದ್ದರಿಂದ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಹಲ್ಲು ಬಿದ್ದ ಹುಡುಗಿಯರ ಸಾಲಿನ ಕೊನೆಯಲ್ಲಿ ಇವಳು ಮಂಡಿ ಮಡಿಸಿ ಕೂತಳು. ಆಪಾ ಹಳೆಯ ಪಾಠ ಕೇಳಿದಳು. ಮೊದಲ ಪುಟವೇ ಹರಿದ ಜರಡಿಯಾಗಿತ್ತು. ಪಕ್ಕದ ಪುಟಾಣಿ ಅವಳ ತಪ್ಪು ತಿದ್ದಿತು.

"ಮೊದಲಿಂದ ಶುರು ಮಾಡೋಣ ಅಕ್ಕ," ಎಂದಳು ಆಪಾ.

"ಮೊದಲಿಂದ ಅಂದ್ರೆ ಪುರುಸೊತ್ತಿಲ್ಲ ಆಪಾ. ಅಬ್ಬ ಎಲ್ಲಿ ಎಡವ್ತಾರೋ ಅಲ್ಲಿಂದ ಕಲಿಸಿ. ಅವರು ಮರೆಯೋ ಮುಂಚೆ ನಾನು ಕಲೀಬೇಕು."

"ಇದೇನು ಓಟದ ಪಂದ್ಯಾನಾ?"

"ಪಂದ್ಯಾನೇ ಆಪಾ."

ಆಪಾ ಅವಳನ್ನೇ ನೋಡಿ, ತ್ವಾಹಾ ತೆಗೆಸಿದಳು.

ಲಾಂಡ್ರಿಯಲ್ಲಿ ಅವಳದು ರೋಲರ್ ಯಂತ್ರದ ಕೆಲಸ. ಒದ್ದೆ ಬೆಡ್‌ಶೀಟಿನ ಒಂದು ತುದಿ ಇವಳು, ಇನ್ನೊಂದು ತುದಿ ಜೊತೆಗಾತಿ ಹಿಡಿದು ಬಿಸಿ ಉರುಳೆಗೆ ಕೊಡಬೇಕು. ಆಚೆ ಕಡೆ ಇಸ್ತ್ರಿಯಾಗಿ ಬರುತ್ತದೆ. ಆ ಗದ್ದಲದಲ್ಲಿ ಜೋರಾಗಿ ಓದಿದರೂ ಯಾರಿಗೂ ಕೇಳಿಸುವುದಿಲ್ಲ. ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ.

"ಯಾರಿಗೆ ಶಾಪ ಹಾಕ್ತಿದೀಯೇ? ಸೂಪರ್‌ವೈಸರಿಗಾದ್ರೆ ನಂದೂ ಸೇರಿಸು," ಎಂದಳು ಜೊತೆಗಾತಿ.

ಶೀಟು ಒಳಗೆ ಹೋಗುವಾಗ ಇದ್ದ ಸಾಲು ಆಚೆ ಬರುವಷ್ಟರಲ್ಲಿ ಇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನೀರು ಕುಡಿದ ಹಾಗೆ ಇಳಿಯುತ್ತಿದ್ದದ್ದು ಈಗ ಕಲ್ಲಿನ ಮೇಲೆ ಸುರಿದ ಹಾಗಾಗುತ್ತಿತ್ತು. ಮೂಸಾರ ಎದುರು ಸೋತ ಮಾಂತ್ರಿಕರು ಸಾಷ್ಟಾಂಗ ಬೀಳುವ ಜಾಗವೊಂದಿದೆ. ಮೂಸಾ, ಅವರ ಅಣ್ಣ ಹಾರೂನ್ ಇಬ್ಬರ ಹೆಸರು ಬೇರೆ ಅಧ್ಯಾಯಗಳಲ್ಲಿ ಮೂಸಾ, ಹಾರೂನ್ ಎಂದು ಬಂದರೆ ತ್ವಾಹಾದಲ್ಲಿ ಹಾರೂನ್, ಮೂಸಾ ಎಂದಿದೆ. ಆ ಒಂದು ತಿರುವಿನಲ್ಲೇ ಅವಳು ಹಳ್ಳಕ್ಕೆ ಬೀಳುತ್ತಿದ್ದಳು. ಒಂದು ದಿನ ಅದೇ ತಪ್ಪನ್ನು ಬೆಳಗಿನಿಂದ ಮಾಡಿ ಮಾಡಿ, ಮೈಲಿಗೆ ಬಟ್ಟೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೂಟೆಗೆ ಮುಖ ಒತ್ತಿ ಅತ್ತಳು. ನನ್ನ ಮೇಲೆ ಕರುಣೆ ಬೇಡ, ಅವರ ಮೇಲಾದರೂ ತೋರಿಸು ಎಂದು ದೇವರಲ್ಲಿ ಕೇಳಿಕೊಂಡಳು.

ಮನೆಯಲ್ಲಿ ಗಂಡ ಅವಳ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಅವನ ಅರಬ್ಬಿ ಓದು ಎತ್ತಿನ ಗಾಡಿ. ಗ್ರೀಸಿನ ಕಲೆ ಹೋಗದ ಬೆರಳನ್ನು ಗಾಜಿನ ಮೇಲೆ ಇಟ್ಟ ಹಾಗೆ ಸಾಲಿನ ಮೇಲೆ ಮೆಲ್ಲಗೆ ಸರಿಸುತ್ತ, "ಇರು, ನಿನ್ನ ಹಿಂದೆ ನಾನೂ ಬರಬೇಕಲ್ಲ," ಎನ್ನುತ್ತಿದ್ದ. ಅವಳು ಅವನ ಮೇಲೆ ರೇಗುತ್ತಿದ್ದಳು. ಅವನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ರಜೆಯ ಒಂದು ಮಧ್ಯಾಹ್ನ ಅಬ್ಬ ತ್ವಾಹಾ ಶುರು ಮಾಡಿದರು. ಅವಳು ಕೆಳಗೆ ಕೂತು ಕೇಳಿದಳು. ಮಾಂತ್ರಿಕರು ಬಂದರು, ಮೂಸಾರ ಕೋಲು ಬಿತ್ತು. ಅಬ್ಬ ಮೂಸಾ ಎಂದು ಮೊದಲು ಹೇಳಿ ಬೇರೆ ದಾರಿಗೆ ತಿರುಗುವುದರಲ್ಲಿದ್ದರು.

"ಹಾರೂನ್ ಮೊದಲು, ಅಬ್ಬ," ಎಂದು ಅವಳು ಸಾಲನ್ನು ಹಿಡಿದು ಕೊಟ್ಟಳು.

ಅಬ್ಬ ಹಾರೂನ್ ಎಂದು ತಿದ್ದಿಕೊಂಡರು. ಅಲ್ಲಿಂದ ನಿರಾಳವಾಗಿ ಹರಿದುಹೋದರು.

ಓದು ಮುಗಿಸಿ ಅವರು ಕೇಳಿದರು, "ಯಾರ ಹತ್ರ ಕಲ್ತೆ?"

"ನಿಮ್ಮ ಹತ್ರಾನೇ."

"ನನಗೆ ನೆನಪಿಲ್ಲ. ಯಾರೋ ಚೆನ್ನಾಗಿ ಕಲಿಸಿದಾರೆ."

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಅವಳು ಮುಟ್ಟಿಯೂ ನೋಡದ ಅಧ್ಯಾಯವೊಂದರ ನಡುವೆ ಅಬ್ಬ ನಿಂತುಬಿಟ್ಟರು. ಅವಳ ಕಡೆ ಕೈ ಚಾಚಿದರು. ಮಧ್ಯಾಹ್ನ ಕೊಟ್ಟವಳು ಈಗ ಯಾಕೆ ಕೊಡುತ್ತಿಲ್ಲ ಎಂದು ಅವರಿಗೆ ಅರ್ಥವಾಗಲಿಲ್ಲ. "ಗೊತ್ತಿದ್ದೂ ಹೇಳ್ತಿಲ್ಲ ನೀನು," ಎಂದರು. "ಏನ್ ತಪ್ಪು ಮಾಡಿದೀನಿ ನಿನಗೆ?"

ಅವಳು ಕಾಲು ಹಿಡಿದುಕೊಂಡು ಗೊತ್ತಿಲ್ಲ ಅಬ್ಬ, ಆಣೆ ಮಾಡಿ ಹೇಳ್ತೀನಿ, ಗೊತ್ತಿಲ್ಲ ಎಂದಳು. ಅವರು ನಂಬಲಿಲ್ಲ.

ಅಲ್ಲಿಂದ ಮುಂದೆ ಪಂದ್ಯದ ಮಾತೇ ಉಳಿಯಲಿಲ್ಲ. ಅವಳು ಒಂದು ಪುಟ ಗಳಿಸಿದರೆ ಅವರು ಒಂದು ಅಧ್ಯಾಯ ಕಳೆಯುತ್ತಿದ್ದರು. ದೊಡ್ಡವು ಹೋದವು, ನಡುವಿನವು ಹೋದವು, ಎಳೆಮಕ್ಕಳಿಗೂ ಬರುವ ಪುಟ್ಟ ಅಧ್ಯಾಯಗಳು ಹೋದವು. ಓದಿನ ಜೊತೆಗೆ ಊಟವೂ ಕಡಿಮೆಯಾಯಿತು. ಆಪಾ ಮನೆಯಲ್ಲಿ ಅವಳು ಒಂದು ದಿನ, "ಸಾಕು ಆಪಾ, ಇನ್ನು ಯಾರಿಗೆ?" ಎಂದಳು. ಆಪಾ ಮಕ್ಕಳನ್ನು ಹೊರಗೆ ಆಡಲು ಬಿಟ್ಟು ಅವಳ ಪಕ್ಕ ಬಂದು ಕೂತಳು. ಏಳುವಾಗ ಇವಳೇ ಮರುದಿನದ ಪಾಠ ಎಲ್ಲಿಂದ ಎಂದು ಕೇಳಿದಳು. ಯಾಕೆ ಕೇಳಿದೆನೆಂದು ಅವಳಿಗೂ ತಿಳಿಯಲಿಲ್ಲ.

ಕೆಲವು ವಾರಗಳ ನಂತರ, ಒಂದು ಬೆಳಗ್ಗೆ, ಅಬ್ಬ ಮಂಚದಿಂದ ತಾವಾಗಿಯೇ ಇಳಿದು ಅವಳ ಎದುರು ನೆಲದ ಮೇಲೆ ಮಂಡಿ ಮಡಿಸಿ ಕೂತರು. ಟೋಪಿ ಸರಿಮಾಡಿಕೊಂಡು, ಕೈ ತೊಡೆಯ ಮೇಲಿಟ್ಟು ಕಾದರು. ಅವಳಿಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ಅವರು ಪಾಠಕ್ಕೆ ಬಂದು ಕೂತಿದ್ದರು.

ಅವಳು ಕುರ್‌ಆನಿನ ಮೊಟ್ಟಮೊದಲ ಅಧ್ಯಾಯದ ಮೊದಲ ಸಾಲು ಹೇಳಿದಳು. ಅವರು ಹೇಳಿದರು. ಎರಡನೆಯದು ಹೇಳಿದಳು. ಅದನ್ನೂ ಹೇಳಿದರು, ಒಂದೊಂದು ಅಕ್ಷರವೂ ಗಂಟಲಿನಲ್ಲೋ ನಾಲಿಗೆಯಲ್ಲೋ ಅದರದರ ಜಾಗದಿಂದ ಹೊರಟು ಬಂತು. ಎರಡನ್ನೂ ಸೇರಿಸಿ ಹೇಳಿ ಎಂದಾಗ ಮೊದಲನೆಯದು ಮಾಯವಾಗಿತ್ತು. ಮತ್ತೆ ಹೇಳಿಕೊಟ್ಟಳು. ಮತ್ತೆ ಹೋಯಿತು. ಅವಳ ಕಣ್ಣಿಂದ ಸುರಿಯುತ್ತಿದ್ದದ್ದು ಗಲ್ಲದಿಂದ ಸೆರಗಿಗೆ ಬೀಳುತ್ತಿತ್ತು.

ಅಬ್ಬ ತಗ್ಗಿದ ದನಿಯಲ್ಲಿ ಕೇಳಿದರು, "ತಪ್ಪಾಯ್ತಾ?"

ಹುಟ್ಟಿದಾಗಿನಿಂದ ಅವಳನ್ನು ನೀನು ಎಂದವರು, ಮುಂದಿನ ಮಾತಿಗೆ ಬಹುವಚನ ಸೇರಿಸಿದರು. "ನೀವು ಯಾಕೆ ಅಳ್ತಿದೀರಾ?"

"ತಪ್ಪಾಗಿಲ್ಲ. ಸರಿಯಾಗೇ ಹೇಳಿದ್ರಿ."

"ಹಾಗಾದ್ರೆ ಇನ್ನೊಂದ್ ಸಲ ಹೇಳ್ಕೊಡಿ."

ಬಾಗಿಲಲ್ಲಿ ಗಂಡ ಅವಳ ಡಬ್ಬಿ ಹಿಡಿದು ನಿಂತಿದ್ದ. ಪಾಳಿಗೆ ಹೊತ್ತಾಗುತ್ತಿತ್ತು. ಅವಳು ಹತ್ತಬೇಕಿದ್ದ ಬಸ್ಸು ಬಂದು, ಹಾರ್ನ್ ಹೊಡೆದು, ಹೋಯಿತು. ಅವನು ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟು, ಹೊರಗಿನಿಂದ ಬಾಗಿಲು ಎಳೆದುಕೊಂಡ.