ಚಾವಡಿಯ ಮೂರನೇ ಕಂಬ

ನನ್ನ ತಾತ ಚಿಕ್ಕಬಸವಯ್ಯ ನಮ್ಮ ಬೀದಿಯ ಯಜಮಾನ. ನಜರ್‌ಬಾದಿನಿಂದ ಆಟೊದಲ್ಲಿ ಹತ್ತು ನಿಮಿಷ ಹೋದರೆ ಸಿಗುವ ಬೀದಿ ಅದು. ಗೋಡೆಯ ಜಗಳವಾಗಲಿ, ನಲ್ಲಿಯ ಜಗಳವಾಗಲಿ, ಗಂಡ ಹೆಂಡಿರ ಜಗಳವಾಗಲಿ, ಭಾನುವಾರ ಬೆಳಿಗ್ಗೆ ನಮ್ಮ ಮನೆಯೆದುರಿನ ಚಾವಡಿಯಲ್ಲಿ ನ್ಯಾಯ. ದೂರು ಕೊಟ್ಟವರು ಮೂರನೇ ಕಂಬದ ಹತ್ತಿರ ನಿಂತು ಎಲ್ಲರ ಮುಂದೆ ಹೇಳಬೇಕು. ತಪ್ಪು ಮಾಡಿದವನು ಎದುರಿಗೆ ನಿಂತು ಕೇಳಬೇಕು. ಆಮೇಲೆ ತಪ್ಪುಕಾಣಿಕೆ ಕಟ್ಟಿ, ಸಭೆಗೆ ಅಡ್ಡಬಿದ್ದು ಎದ್ದರೆ ಮುಗಿಯಿತು.

"ಮೂವತ್ತು ವರ್ಷದಲ್ಲಿ ಈ ಬೀದಿಯಿಂದ ಒಂದು ಕಾಲೂ ಸ್ಟೇಷನ್ ಮೆಟ್ಲು ತುಳ್ದಿಲ್ಲ" ಎಂದು ತಾತ ಹೇಳುವಾಗ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು. ಯಾವತ್ತೋ ಒಂದು ಹುಡುಗಿಯ ವಿಷಯವನ್ನು ಗುಲ್ಲಾಗದಂತೆ ಮುಗಿಸಿದ್ದೆ ಎಂಬುದು ಅವನ ದೊಡ್ಡ ಹೆಮ್ಮೆ. ಚಾವಡಿಯ ಗೋಡೆಯಲ್ಲಿ ಬಾಬಾಸಾಹೇಬರ ಫೋಟೊ ಇತ್ತು. ಅದಕ್ಕೆ ದಿನಾ ಹಾರ ಹಾಕುತ್ತಿದ್ದವನೂ ತಾತನೇ.

ಚಾವಡಿಯ ಮೇಲಿನ ಕೋಣೆಯಲ್ಲಿ ಮನೋಹರ್ ಸಂಜೆ ಟ್ಯೂಷನ್ ಮಾಡುತ್ತಿದ್ದ. ಬೀದಿಯಲ್ಲಿ ಮೊದಲು ಎಂ.ಎ. ಮಾಡಿದವನು, ಫೀಸು ಮುಟ್ಟುತ್ತಿರಲಿಲ್ಲ. ಹಾಗಾಗಿ ಬೀದಿಗೆ ದೇವರು. ಅವನು ನನಗೆ ಏನು ಮಾಡಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದವರಿಗೆ ಹೇಳಿ ಆಗಿದೆ. ನಿಮಗೆ ಕುತೂಹಲವಿದ್ದರೆ ಅದು ನಿಮ್ಮ ಕಾಯಿಲೆ. ನನಗಾಗ ಹನ್ನೊಂದು ವರ್ಷ, ಅಷ್ಟು ಸಾಕು.

ಮೊದಲು ಹೇಳಿದ್ದು ಅಜ್ಜಿ ಪುಟ್ಟಲಿಂಗಮ್ಮನಿಗೆ. ಗುರುವಾರ ಮಧ್ಯಾಹ್ನ ಅವಳು ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ನಮ್ಮ ಬೀದಿಯ ಹೆಂಗಸರೆಲ್ಲರ ಕೆಲಸ ಅದು. ನಡುವೆ ಕೈ ನಿಲ್ಲಿಸಿದರೆ ಕಲಸಿದ ಇದ್ದಿಲಿನ ಹಿಟ್ಟು ಒಣಗಿ ಹಾಳಾಗುತ್ತದೆ. ಯಾರ ಮಾತಿಗೂ ಅಜ್ಜಿ ಕೈ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ನಿಲ್ಲಿಸಿದಳು. ಕಪ್ಪು ಹೋಗುವವರೆಗೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಮುಟ್ಟಲೇ ಎಂದು ಕೇಳುವ ಹಾಗೆ, ಆ ಕೈಯನ್ನು ನನ್ನ ಕಡೆ ಚಾಚಿದಳು. ನಾನೇ ಹೋಗಿ ಅವಳ ಮಡಿಲಲ್ಲಿ ಬಿದ್ದೆ.

"ನಿಂದೇನೂ ತಪ್ಪಿಲ್ಲ ಕಣವ್ವ" ಎಂದಳು. ಎಷ್ಟು ಸಲ, ಯಾಕೆ ಕಿರುಚಲಿಲ್ಲ, ಯಾಕೆ ಮತ್ತೆ ಹೋದೆ, ಒಂದನ್ನೂ ಕೇಳಲಿಲ್ಲ. ಹಿಟ್ಟು ಒಣಗಿ ಬಿರುಕು ಬಿಟ್ಟಿತು.

ತಾತನೂ ನಂಬಿದ. ಅದನ್ನು ಮೊದಲು ಹೇಳಬೇಕು, ಯಾಕೆಂದರೆ ಮುಂದೆ ಅವನ ತಪ್ಪು ಹೇಳುವವಳಿದ್ದೇನೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತಾದ ಮೇಲೆ ಯಜಮಾನನಾದ.

"ಭಾನ್ವಾರ ನ್ಯಾಯ. ಕೂಸು ಬಂದು ಹೇಳ್ಲಿ."

"ಹನ್ನೊಂದ್ ವರ್ಷದ್ ಮಗೀನ ಆ ಕಂಬುಕ್ಕೆ ನಿಲ್ಲುಸ್ತೀರಾ? ಅವ್ನ್ ಎದುರ್ಗೆ?" ಅಜ್ಜಿ ಕೇಳಿದಳು.

"ಬೇರೇರ್ ಮಕ್ಳುನ್ನ ನಿಲ್ಸಿದೀನಿ ಕಣೆ. ನನ್ ಮೊಮ್ಮಗ್ಳು ಅಂತ ಬುಟ್ಬುಟ್ರೆ, ಯಜಮಾನ ಮನೆಗೊಂದು ನ್ಯಾಯ ಬೀದಿಗೊಂದು ನ್ಯಾಯ ಮಾಡ್ದ ಅನ್ನಲ್ವಾ ಜನ?"

ಆಟೊ ಓಡಿಸುವ ನನ್ನಪ್ಪ ವಸಂತ್, ಸ್ಟೇಷನ್ನಿಗೆ ಹೋಗೋಣ ಎಂದ. "ನಾನ್ ಸತ್ಮೇಲೆ ಹೋಗು" ಎಂದ ತಾತ. ಅಪ್ಪ ಆಟೊ ಕೀ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ. ಅವ್ವ ಅವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಕೆಟ್ಟವನ ಕೆಟ್ಟತನದಿಂದ ಹೇಗೋ ತಪ್ಪಿಸಿಕೊಳ್ಳಬಹುದು, ಒಳ್ಳೆಯವನ ಹಟದಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

ಶನಿವಾರ ನನಗೆ ಅನ್ನ ಸೇರಲಿಲ್ಲ. ಕಿಟಕಿ ತೆರೆದರೆ ಎದುರಿಗೇ ಮೂರನೇ ಕಂಬ. ಅಲ್ಲಿ ನಿಂತು ಮೊದಲ ಮಾತು ಏನು ಹೇಳುವುದೆಂದು ಯೋಚಿಸಿ, ಕಿಟಕಿ ಮುಚ್ಚಿದೆ.

ಭಾನುವಾರ ಗಂಡಸರೆಲ್ಲ ಸೇರಿದರು. ಮನೋಹರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಅವನ ದೊಡ್ಡಪ್ಪ ಶಿವಮಲ್ಲಪ್ಪ ಎದ್ದು ನಿಂತ.

"ಎಲ್ಲಿ, ಕರೀರಿ ಹುಡ್ಗೀನ. ಇವ್ನ್ ಮಕ ನೋಡ್ಕಂಡು ಹೇಳ್ಲಿ. ಸುಳ್ಳೋ ದಿಟವೋ ಗೊತ್ತಾಯ್ತದೆ."

"ಕೂಸೇ, ಬಾ" ಎಂದು ತಾತ ಕೂಗಿದ. ನಾನು ಬಾಗಿಲ ಚಿಲಕ ಹಿಡಿದು ನಿಂತೆ, ಬಿಡಲಿಲ್ಲ.

ಆಗ ಬೀದಿಯ ಕೆಳಗಿನಿಂದ ಅಜ್ಜಿ ಬಂದಳು. ತಲೆಯ ಮೇಲೆ ಮಣೆ. ಹಿಂದೆ ಹತ್ತು ಹನ್ನೆರಡು ಹೆಂಗಸರು. ಒಬ್ಬಳ ಸೊಂಟದಲ್ಲಿ ಹಿಟ್ಟಿನ ಬೇಸಿನ್ನು, ಇನ್ನೊಬ್ಬಳ ಕಂಕುಳಲ್ಲಿ ಬಿದಿರುಕಡ್ಡಿಯ ಕಟ್ಟು. ಚಾವಡಿ ಹತ್ತಿ, ಮೂರನೇ ಕಂಬದ ಸುತ್ತ ಒತ್ತಾಗಿ ಕೂತು ಹೊಸೆಯತೊಡಗಿದರು. ಅಲ್ಲಿ ಒಂದು ಮಗು ನಿಲ್ಲುವಷ್ಟು ಜಾಗವೂ ಉಳಿಯಲಿಲ್ಲ.

"ಏನಿದು ಪುಟ್ಟಲಿಂಗಮ್ಮ?" ಶಿವಮಲ್ಲಪ್ಪ ರೇಗಿದ.

"ಕೆಲ್ಸ ಕಣಣ್ಣ. ಮನೇಲಿ ಜಾಗಿಲ್ಲ."

"ಭಾನ್ವಾರ, ನ್ಯಾಯದೊತ್ನಲ್ಲಾ?"

"ನಮ್ಮೊಟ್ಟೆಗೆ ಭಾನ್ವಾರ ಯಾವ್ದು ಅಂತ ಗೊತ್ತಾಗಕಿಲ್ಲ. ನೀವೇ ಒಸಿ ಹೇಳ್ಕೊಡಿ."

ಯಾರೋ ನಕ್ಕರು. ತಾತ ನಗಲಿಲ್ಲ. "ಎದ್ದೇಳೇ. ಕೂಸು ನಿಂತ್ಕಬೇಕು."

"ಕೂಸು ನಂಗೆ ಹೇಳಾಯ್ತು, ಒಂದ್ಸಲ. ಇನ್ನು ಹೇಳದು ಕಾನೂನ್ಗೆ. ಈ ಸಭೆಗಲ್ಲ ಯಜಮಾನ್ರೇ." ಅಜ್ಜಿ ತಾತನನ್ನು ಯಜಮಾನ್ರೇ ಎಂದು ಕರೆದದ್ದು ಅದೇ ಮೊದಲು. ಕಪ್ಪು ಮೆತ್ತಿದ ಬೆರಳನ್ನು ಗೋಡೆಯ ಕಡೆ ಎತ್ತಿದಳು. "ಅಲ್ನೋಡಿ. ಕಾನೂನ್ ಬರ್ದೋರ್ಗೆ ದಿನಾ ಹಾರ ಹಾಕ್ತೀರಿ. ಆ ಕಾನೂನ್ ತಾವ್ಕೆ ನಮ್ಮ ಬೀದೀಲಿ ಒಬ್ರೂ ಹೋಗಿಲ್ಲ ಅಂತ ಮೀಸೆ ತಿರುವ್ತೀರಿ. ಹಾರ ಯಾಕಾಕದು? ಬಾಯ್ ಮುಚ್ಕಂಡು ಗೋಡೇಲೇ ಇರ್ಲಿ ಅಂತವಾ?"

ಸಭೆ ಗುಜುಗುಜು ಎಂದಿತು. ಹೆಂಗಸರಲ್ಲಿ ಒಬ್ಬಳು ತಲೆ ಎತ್ತದೆ, ಕೈ ನಿಲ್ಲಿಸದೆ ಮಾತಾಡಿದಳು. ನಮ್ಮ ಹಿಂದಿನ ಮನೆಯ ಸಣ್ಣಮ್ಮ. ಬೀದಿಯಲ್ಲಿ ಅವಳಷ್ಟು ಕಡಿಮೆ ಮಾತಿನವಳು ಇನ್ನೊಬ್ಬಳಿಲ್ಲ.

"ನಂಗೆ ಆಗ ಹದ್ಮೂರು ವರ್ಷ ಯಜಮಾನ್ರೇ. ಇದೇ ಕಂಬ. ನಿಂತ್ಕಂಡು ಹೇಳ್ದೆ. ನೀವೆಲ್ಲ ಚೆನ್ನಾಗಿ ಕೇಳುಸ್ಕಂಡ್ರಿ. ಅವ್ನು ತಪ್ಪುಕಾಣ್ಕೆ ಕಟ್ದ, ಅಡ್ಡಬಿದ್ದ, ಎದ್ದೋದ. ನನ್ ಮಾತು ಮಾತ್ರ ಇಲ್ಲೇ ಉಳ್ಕತು. ನನ್ ಮದ್ವೆ ಚಪ್ರದಲ್ಲೂ ಅದ್ನೇ ಆಡ್ಕಂಡ್ರು. ಇಪ್ಪತ್ ವರ್ಷಾಯ್ತು, ನಲ್ಲಿಗ್ ಹೋಗೋವಾಗ ಈ ಕಂಬ ಕಾಣ್ದಂಗೆ ಆ ಕಡೆ ಬೀದಿ ಸುತ್ಕಂಡ್ ಓಯ್ತೀನಿ. ಇವತ್ತು ಪುಟ್ಟಲಿಂಗಕ್ಕ ಕರುದ್ಲು ಅಂತ ಬಂದೆ."

ತಾತ ಹೆಮ್ಮೆಯಿಂದ ಹೇಳುತ್ತಿದ್ದ 'ಒಂದು ಹುಡುಗಿಯ ವಿಷಯ' ಇದೇ. ನನಗೆ ಅದು ಬಾಗಿಲ ಸಂದಿಯಿಂದ ಅವನ ಮುಖ ನೋಡಿದಾಗ ಗೊತ್ತಾಯಿತು. ಮಣೆಗಳ ಮೇಲೆ ಕಡ್ಡಿಗಳು ಉರುಳುತ್ತಲೇ ಇದ್ದವು. ಅವನು ಯಜಮಾನಿಕೆಯ ಬೆತ್ತವನ್ನು ನೆಲದ ಮೇಲಿಟ್ಟು ಎದ್ದ.

"ವಸಂತ, ಆಟೊ ತಗಿಯಪ್ಪ. ಸ್ಟೇಷನ್ಗೆ ಹೋಗವ."

ಅಪ್ಪ ಕೀ ಹುಡುಕಬೇಕಾಗಿರಲಿಲ್ಲ. ಗುರುವಾರದಿಂದ ಅದು ಅವನ ಅಂಗೈಯಲ್ಲೇ ಇತ್ತು.

ಮಧ್ಯಾಹ್ನ ಮನೆಗೆ ಬಂದ ಪೊಲೀಸ್ ಮೇಡಂ ಸೀರೆ ಉಟ್ಟಿದ್ದರು. ಖಾಕಿಗೆ ಹೆದರಿಕೊಂಡು ಕಾಯುತ್ತಿದ್ದ ನಾನು ಮೊದಲು ಅವರನ್ನು ಅವ್ವನ ಸ್ನೇಹಿತೆ ಎಂದುಕೊಂಡೆ. ನೆಲದ ಮೇಲೆ ಕೂತು, "ಯಾರು ಜೊತೆಗಿರಬೇಕಮ್ಮ ನಿನಗೆ?" ಎಂದು ನನ್ನನ್ನೇ ಕೇಳಿದರು. ಅವ್ವ, ಅಜ್ಜಿ ಎಂದೆ. ಬೀದಿಯ ಯಜಮಾನನನ್ನು ಹೊರಗೆ ಕಳಿಸಿದರು. ಅವನು ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಕೂತ. ಇಣುಕಲು ಬಂದವರನ್ನು "ಇಲ್ಲೇನ್ ಸಿನಿಮಾ ಓಡ್ತಾದ? ನಡೀರಿ, ನಡೀರಿ" ಎಂದು ಅಟ್ಟುತ್ತಿದ್ದ. ಒಳಗೆ ನನಗೆ ಅದು ಕೇಳುತ್ತಿತ್ತು. ನಾನು ಪೂರ್ತಿ ಹೇಳಿದ್ದು ಆ ದನಿಯ ಧೈರ್ಯದಲ್ಲಿ.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. "ಓದ್ದೋನ್ ಬಾಳ್ ಹಾಳ್ ಮಾಡುದ್ರು" ಎಂದು ಅರ್ಧ ಬೀದಿ ಎರಡು ವರ್ಷ ನಮ್ಮನ್ನು ಮಾತಾಡಿಸಲಿಲ್ಲ. ಅವನಿಂದ ಹಾಳಾದ ಬಾಳುಗಳ ಲೆಕ್ಕ ಅವರಿಗೆ ಬೇಕಿರಲಿಲ್ಲ. ಆ ತಿಂಗಳಲ್ಲೇ ಇನ್ನಿಬ್ಬರು ಹುಡುಗಿಯರು ಬಾಯಿಬಿಟ್ಟರು. ಕೋರ್ಟಿನಲ್ಲಿ ನಾನು ಹೇಳುವಾಗ ನನಗೂ ಅವನಿಗೂ ನಡುವೆ ಒಂದು ಪರದೆ ಇತ್ತು. ಅದನ್ನು ಕಂಡಾಗ ಚಾವಡಿಯಲ್ಲಿ ಒತ್ತಾಗಿ ಕೂತಿದ್ದ ಆ ಬೆನ್ನುಗಳು ನೆನಪಾದವು. ಅವನಿಗೆ ಶಿಕ್ಷೆಯಾಯಿತು.

ಇನ್ನೊಂದು ಭಾನುವಾರದ ಮಾತು ಉಳಿದಿದೆ. ನಾನು ಪೊಲೀಸ್ ಮೇಡಂಗೆ ಹೇಳಿದ ಮುಂದಿನ ವಾರ, ತಾತ ಸಭೆ ಕರೆದ. ತನ್ನ ಜಾಗದಲ್ಲಿ ಕೂರದೆ ಮೂರನೇ ಕಂಬದ ಹತ್ತಿರ ಹೋಗಿ ನಿಂತ.

"ಸಣ್ಣಮ್ಮನ್ನ ಇಲ್ಲಿ ನಿಲ್ಸಿದ್ದೋನು ನಾನು. ತಪ್ಪು ನಂದು. ಇನ್ಮೇಲೆ ಈ ಕಂಬುಕ್ಕೆ ಯಾರ್ ಮಗೂನೂ ಬರಕೂಡ್ದು." ಹೇಳಿ, ಎಪ್ಪತ್ತು ವರ್ಷದ ಮೈಯನ್ನು ಬಗ್ಗಿಸಿ ಅವಳಿಗೆ ಅಡ್ಡಬಿದ್ದ.

ಸಣ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಏಳಿ ಯಜಮಾನ್ರೇ, ಮಂಡಿ ಇಡ್ಕಂಡ್ರೆ ಎಣ್ಣೆ ತಿಕ್ಕೋಳು ಪುಟ್ಟಲಿಂಗಕ್ಕ, ಆಮೇಲೆ ಬಯ್ಯದು ನನ್ನ" ಎಂದಳು.

ನನಗೀಗ ಇಪ್ಪತ್ತು. ತಾತ ಇದುವರೆಗೆ ಒಂದು ದಿನವೂ ಏನಾಯಿತೆಂದು ನನ್ನನ್ನು ಕೇಳಿಲ್ಲ. ಆ ಮೇಲಿನ ಕೋಣೆಯ ಬಾಗಿಲನ್ನು ಮಾತ್ರ ತಾನೇ ನಿಂತು ಕಳಚಿ ತೆಗೆಸಿದ. ಕೋಣೆ ಈಗ ಬೀದಿಗೆಲ್ಲ ಕಾಣುತ್ತದೆ, ಮಕ್ಕಳು ಅಲ್ಲೇ ಕೂತು ಕಿರುಚಿಕೊಂಡು ಮಗ್ಗಿ ಓದುತ್ತಾರೆ. ಕೆಳಗೆ ನಾಲ್ಕು ಇಟ್ಟಿಗೆಯ ಮೇಲೆ ಮಲಗಿದ ಆ ಬಾಗಿಲ ಹಲಗೆಯ ಮೇಲೆ ನಮ್ಮ ಊದುಬತ್ತಿ ಒಣಗುತ್ತವೆ. ಹೆಂಗಸರ ಕೆಲಸ ಖಾಯಮ್ಮಾಗಿ ಚಾವಡಿಗೇ ಬಂತು. ರಜೆಯಲ್ಲಿ ನಾನೂ ಮಣೆ ಹಿಡಿದು ಅಜ್ಜಿಯ ಪಕ್ಕ ಕೂರುತ್ತೇನೆ. ಯಾವುದಾದರೂ ಮಗು ಬಂದು ಸುಮ್ಮನೆ ನಿಂತರೆ ಎಲ್ಲರಿಗಿಂತ ಮೊದಲು ಅಜ್ಜಿಯ ಕೈ ನಿಲ್ಲುತ್ತದೆ.

ಸಣ್ಣಮ್ಮ ಮೂರನೇ ಕಂಬಕ್ಕೆ ಒರಗಿಕೊಂಡೇ ಹೊಸೆಯುವುದು. ಅಲ್ಲಿ ಬೇರೆ ಯಾರಿಗೂ ಜಾಗ ಬಿಡುವುದಿಲ್ಲ. ಬೆನ್ನುನೋವಿಗೆ ಒಳ್ಳೇದು ಕಣವ್ವ, ಎನ್ನುತ್ತಾಳೆ.