ಅರ್ಧ ಬ್ಲೇಡು

ಅತ್ತಿಗೆಗೂ ಮೈದುನನಿಗೂ ಮಾತು ಬಿಟ್ಟುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಮಾತಿತ್ತು, ಆದರೆ ಒಂದೊಂದೂ ಚುಚ್ಚುವಂಥದ್ದು. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಟಿಂಕರಿಂಗ್ ಶೆಡ್ಡಿನಲ್ಲಿ ಅವನ ಜಾಗಕ್ಕೆ ಅವಳು ಬಂದಳು. ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರತೊಡಗಿದರು. ಮೈದುನನ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು. ದಿನಾ ಇವರ ಜಗಳ ಕೇಳಿ ರೋಸಿಹೋದ ಅತ್ತೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದಳು: ಯಾರ ಕೈಯಲ್ಲಿ ಮೊದಲು ಗಿರಾಕಿಯ ಗಾಡಿ ಕೆಡುತ್ತದೋ ಅವರು ಶೆಡ್ಡು ಬಿಡಬೇಕು. ಬಿಟ್ಟರೆ ಅವಳಿಗೆ ಉಳಿಯುವುದು ಅಡುಗೆಮನೆ ಮತ್ತು ಗಂಡನ ನರಳಾಟ.

ಅವತ್ತು ಔಷಧಿ ಅಂಗಡಿಯವರ ಕಾರು ಬಂದಿತ್ತು. ಹಿಂದಿನ ಚಕ್ರದ ಮೇಲೆ, ಒಳಗಡೆ, ತಗಡನ್ನು ತುಕ್ಕು ತಿಂದುಹಾಕಿತ್ತು. ಅಲ್ಲಿಗೆ ಗ್ರೈಂಡರಿನ ತಲೆ ಹೋಗುವುದಿಲ್ಲ. ಉಳಿ ಇಟ್ಟು ಹೊಡೆಯೋಣವೆಂದರೆ ಸುತ್ತಿಗೆ ಬೀಸಲು ಜಾಗವಿಲ್ಲ. ಹೋಗುವುದು ಕಂಪ್ರೆಸರಿನ ಗಾಳಿಯಿಂದ ಓಡುವ ಸಣ್ಣ ಗರಗಸ ಒಂದೇ. ತಗಡಿನ ಹಿಂದೆ ಎರಡು ಬೆರಳು ದೂರದಲ್ಲಿ ಬ್ರೇಕ್ ಪೈಪು. ಅದಕ್ಕೇ ಅವಳು ಹೊಸ ಬ್ಲೇಡನ್ನು ಇಕ್ಕಳದಲ್ಲಿ ಹಿಡಿದು ಅರ್ಧಕ್ಕೆ ಮುರಿದು ಹಾಕಿಕೊಳ್ಳುತ್ತಿದ್ದಳು. ಕಣ್ಣಿಗೆ ಕಾಣದ ಕಡೆಯೂ ಅರ್ಧ ಬ್ಲೇಡು ತಗಡನ್ನಷ್ಟೇ ಕೊಯ್ಯುತ್ತದೆ, ಪೈಪಿನ ತಂಟೆಗೆ ಹೋಗುವುದಿಲ್ಲ. “ಬ್ಲೇಡು ದಂಡ ಮಾಡೋ ವಿದ್ಯೆ” ಎಂದು ಮೈದುನ ಗಿರಾಕಿಗಳೆದುರು ಹಲ್ಲು ಕಿರಿಯುತ್ತಿದ್ದ.

ಬೆಳಿಗ್ಗೆಯೇ ಅರ್ಧ ಬ್ಲೇಡು ಹಾಕಿಟ್ಟಿದ್ದಳು. ಕಾರಿನಡಿ ಮಲಗಿ ಕೈ ಚಾಚಿದಾಗ ಗರಗಸವನ್ನು ಮೈದುನನೇ ಎತ್ತಿಕೊಟ್ಟ. ಎಂದೂ ಒಂದು ಸ್ಪ್ಯಾನರ್ ಎತ್ತಿಕೊಡದ ಮಹಾನುಭಾವ ಇವನು. ಅವಳಿಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ತುಕ್ಕಿನ ತೂತಿಗೆ ಬ್ಲೇಡಿನ ತುದಿ ತೂರಿಸಿದಳು. ಗುಂಡಿ ಒತ್ತುವ ಮೊದಲೇ ಒಳಗೆ ಟಿಣ್ ಎಂದಿತು.

ಅರ್ಧ ಬ್ಲೇಡು ಪೈಪಿಗೆ ತಾಗುವ ಮಾತೇ ಇಲ್ಲ. ಹೊರಗೆಳೆದು ನೋಡಿದಳು. ಇಡೀ ಬ್ಲೇಡು, ಹೊಚ್ಚಹೊಸದು.

ಅದೇ ಗರಗಸದಿಂದ ಅವನ ಮೂಗು ಕೊಯ್ಯುವಷ್ಟು ಸಿಟ್ಟು ಬಂತು. ಅಂಗಡಿಯವರು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಅವಳು ಸಿಟ್ಟು ನುಂಗಿಕೊಂಡು ಎದ್ದಳು.

“ಕೈ ನೋಯ್ತಿದೆ. ನೀನೇ ಕೊಯ್ದುಬಿಡು,” ಎಂದು ಗರಗಸ ಚಾಚಿದಳು.

“ನಿಮ್ಮ ಕೆಲಸ ನೀವೇ ಮಾಡಿ ಅತ್ತಿಗೆ.”

“ಮುರಿಯೋದು ದಂಡ ಅಂತಿದ್ದೆಯಲ್ಲ, ಇಡೀ ಬ್ಲೇಡೇ ಇದೆ. ಕೊಯ್ಯಿ.”

“ಯಾರಾದ್ರೂ ಬೇಗ ಮುಗಿಸಿ,” ಎಂದರು ಅಂಗಡಿಯವರು. “ಸಂಜೆ ಮೊಮ್ಮಕ್ಕಳನ್ನ ಕರ್ಕೊಂಡು ಬೆಟ್ಟ ಇಳೀಬೇಕು.”

ಮೈದುನ ಸಿಕ್ಕಿಬಿದ್ದ. ಕೊಯ್ದರೆ ಪೈಪೂ ಹೋಗುತ್ತದೆ, ಶೆಡ್ಡೂ ಹೋಗುತ್ತದೆ. ಆಗಲ್ಲ ಎಂದರೆ ಯಾಕೆಂದು ಹೇಳಬೇಕು. ಕೊನೆಗೆ ಗರಗಸ ಇಸಿದುಕೊಂಡು, ಇಕ್ಕಳ ತೆಗೆದು, ಹಲ್ಲು ಕಚ್ಚಿ, ಬ್ಲೇಡನ್ನು ತಾನೇ ಅರ್ಧಕ್ಕೆ ಮುರಿದ.

“ಚೆನ್ನಾಗಿರೋದನ್ನ ಯಾಕಪ್ಪ ಮುರಿದೆ?” ಎಂದು ಅಂಗಡಿಯವರು ಕೇಳಿದರು.

“ಉದ್ದ ಇದ್ರೆ… ಒಳಗೆ ಬ್ರೇಕ್ ಪೈಪ್ ಕುಯ್ದುಹೋಗುತ್ತೆ.”

ಅಂಗಡಿಯವರು ಮುರಿದ ತುಂಡಿನತ್ತ ಬೆರಳು ಮಾಡಿದರು. “ಆಗಲೇ ಗಿಡ್ಡದ್ದನ್ನ ಬಿಚ್ಚಿ ಉದ್ದದ್ದು ಹಾಕಿದ್ದು ನೀನೇ ಅಲ್ವಾ? ನಾನು ಇಲ್ಲೇ ಕೂತಿದ್ದೆನಲ್ಲ.”

ಅಂಗಡಿಯವರು ಎದ್ದು ಬಂದು ಅವನಿಗೂ ಕಾರಿಗೂ ನಡುವೆ ನಿಂತುಕೊಂಡರು.

ಅವಳು ಗರಗಸ ಕಸಿದುಕೊಂಡು ಮತ್ತೆ ಕಾರಿನಡಿ ಮಲಗಿದಳು.

“ನಿಮ್ಮಮ್ಮನಿಗೆ ನೀನು ಹೇಳ್ತೀಯೋ, ಇವರ ಕೈಲಿ ಹೇಳಿಸ್ಲೋ?” ಎಂದವಳು ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದಳು.