ಬಾಲಯೇಸುವಿನ ಕೆಂಪು ದೀಪ

ಬ್ಯಾಟರಿಗೆ ಸಿಕ್ಕಿಸಿದ ಮೀಟರಿನ ಮುಳ್ಳು ಸೊನ್ನೆಗಿಳಿಯದೆ ಮತ್ತೆ ಅಲ್ಲೇ ನಿಂತಿತು, ಕಾರಿನ ಕೀಲಿ ತೆಗೆದಿದೆ, ಬಾಗಿಲು ಮುಚ್ಚಿದೆ, ರೇಡಿಯೊ ಯಾವ ಕಾಲದಲ್ಲೋ ಸತ್ತಿದೆ, ಆದರೂ ಏನೋ ಒಂದು ಬ್ಯಾಟರಿಯನ್ನು ಹೀರುತ್ತಲೇ ಇದೆ — ಒಂದು ಫ್ಯೂಸು ಕಿತ್ತೆ, ಮುಳ್ಳು ಅಲ್ಲಾಡಲಿಲ್ಲ, ಇನ್ನೊಂದು, ಊಹೂಂ, ಈ ರೊದೆಲ್ ಬೇರೆ ನನ್ನ ಕತ್ತಿನ ಮೇಲೆ ಉಸಿರು ಬಿಡುತ್ತ ನಿಂತಿದ್ದಾನೆ, ಮನೊಂಗ್ ಇಸ್ತೋಯ್, ಡೈನಮೊ ಹೋಗಿರ್ಬೇಕು ಅಲ್ವಾ, ಹಿರಿಯನೆಂದು ಮನೊಂಗ್ ಅನ್ನುವುದೊಂದು ಗೊತ್ತು, ಡೈನಮೊ ಅಂತೆ, ಕತ್ತೆ, ಸ್ಕ್ರೂ ಬಿಚ್ಚಲು ಬಾರದವರೆಲ್ಲ ಈ ಇಲೊಯ್ಲೊ ಊರಲ್ಲಿ ಡೈನಮೊ ಪಂಡಿತರು, ಹೊಸ ಬ್ಯಾಟರಿ ಹಾಕಿಸಿದ್ದಾನೆ, ಅದನ್ನೂ ಕಾರು ನುಂಗಿ ನೀರು ಕುಡಿದಿದೆ, ಬಂದರಿನ ಸಾಲಿನಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೆಣ, ಹೆಣವನ್ನು ಹಡಗಿಗೆ ಯಾರೂ ಹತ್ತಿಸುವುದಿಲ್ಲ, ಎರಡು ಸಲ ಕೂಲಿಗಳು ತಳ್ಳಿಕೊಂಡು ತಂದು ಈ ಅಂಗಳದಲ್ಲೇ ಬಿಟ್ಟು ಹೋಗಿದ್ದಾರೆ. ಬಿಟ್ಟದ್ದು ಇವನ ಅತ್ತಿಗೆಯ ಅಂಗಳದಲ್ಲಿ, ಒಯ್ಯಬೇಕಾದದ್ದು ಸೆಬುವಿನಲ್ಲಿರುವ ಇವನ ಅಣ್ಣನಿಗೆ, ನಾಚಿಕೆಯಾದರೂ ಇದೆಯೇ, ಆ ಅಣ್ಣ ವಿಲ್ಮಾರ್ ಹಡಗಿನ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಮನೆ ಸೇರಿಕೊಂಡ, ಕಟ್ಟಿಕೊಂಡ ಹೆಂಡತಿ ಇವಳು ಫ್ಲೋರ್ ಇದೇ ಹಳೇ ಡಬ್ಬದಲ್ಲಿ ಬೆಳಗಾದರೆ ಮೀನು ಹೊತ್ತು, ಆಮೇಲೆ ಕೇರಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಹೊಟ್ಟೆ ಹೊರೆಯುತ್ತಾಳೆ, ಕಾರು ಹೋದರೆ ಇವಳ ಒಲೆಯೂ ಆರಿದಂತೆಯೇ, ಅವಳ ಎದುರಿಗೇ ಈ ದಡ್ಡ ಹಲ್ಲು ಕಿಸಿದು ಹೇಳುತ್ತಾನೆ, ಗಾಡಿ ಕಾಗದ ಅಣ್ಣನ ಹೆಸರಲ್ಲೇ ಇದೆ ಮನೊಂಗ್, ಅಲ್ಲಿ ಮಗು ಆಗಿದೆ, ಜ್ಞಾನಸ್ನಾನಕ್ಕೆ ಓಡಾಡೋಕೆ ಗಾಡಿ ಬೇಕಂತೆ. ಅದಕ್ಕೆ ಇವಳು ಏನು ಮಾಡಿದಳು, ನಮಗಿಬ್ಬರಿಗೂ ಕಾಫಿ ತಂದಳು, ಜೊತೆಗೆ ಅಕ್ಕಿಯ ಪುಟೊ ಕಡುಬು, ಮಂದಬುದ್ಧಿ, ಮುಖಕ್ಕೆ ಎರಚುವುದು ಬಿಟ್ಟು ಸಕ್ಕರೆ ಸಾಕಾ ಅಂತ ಕೇಳಿದಳು, ಇಂಥವರಿಂದಲೇ ವಿಲ್ಮಾರನಂಥವರು ಕೊಬ್ಬುವುದು.

ಕೊನೆಯ ಫ್ಯೂಸೂ ಹೊರಗೆ ಬಂತು, ಮುಳ್ಳು ಅಲ್ಲೇ, ಅಂದರೆ ಫ್ಯೂಸಿಗೆ ಸಿಗದೆ ನೇರ ಬ್ಯಾಟರಿಯಿಂದಲೇ ಯಾವುದೋ ವೈರು ಹೊರಟಿದೆ, ಯಾವ ಮೂರ್ಖ ಎಳೆದನೋ — ಡ್ಯಾಶ್‌ಬೋರ್ಡಿನ ಮೇಲೆ ಬಾಲಯೇಸು, ಮಖಮಲ್ಲಿನ ಅಂಗಿ, ಕಾಲಡಿಯಲ್ಲಿ ಹಾಡುಹಗಲಲ್ಲೇ ಉರಿಯುವ ಕೆಂಪು ದೀಪ, ರೊದೆಲ್ ಅದರ ಮುಂದೆ ಹಾದಾಗಲೆಲ್ಲ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ, ಅದನ್ನ ಮುಟ್ಬೇಡಿ ಮನೊಂಗ್, ಹರಕೆ ದೀಪ, ಇಷ್ಟು ಪುಟ್ಟ ದೀಪ ಎಷ್ಟು ಕುಡಿದೀತು, ನನಗೂ ಹಾಗೇ ಅನ್ನಿಸಿತ್ತು, ಆದರೆ ಪುಟ್ಟ ದೀಪಕ್ಕೆ ಇಷ್ಟು ಕಾವು ಇರುವುದಿಲ್ಲ, ಬೆರಳು ಹತ್ತಿರ ತಂದರೇ ಚುರುಕ್ ಅನ್ನುತ್ತದೆ, ಏನೋ ಸುಟ್ಟ ವಾಸನೆ, ಉಗುರುಬಣ್ಣದ ವಾಸನೆ, ಬಗ್ಗಿ ನೋಡಿದರೆ ಬ್ರೇಕ್ ಲೈಟಿನ ಬಲ್ಬು, ಅದಕ್ಕೆ ಕೆಂಪು ಉಗುರುಬಣ್ಣ ಬಳಿದಿದೆ, ಬೆಳಿಗ್ಗೆ ಹಿಂದುಗಡೆ ಬಲಕ್ಕೆ ಬ್ರೇಕ್ ಲೈಟು ಹತ್ತದೆ ಮುಚ್ಚಳ ಬಿಚ್ಚಿದಾಗ ಒಳಗೆ ಬಲ್ಬೇ ಇರಲಿಲ್ಲ, ಕಳ್ಳರು ಅಂದುಕೊಂಡಿದ್ದೆ, ಇದು ರಾತ್ರಿಯಿಡೀ ಉರಿದರೆ ಯಾವ ಬ್ಯಾಟರಿ ಉಳಿದೀತು, ಹಾಗಾದರೆ ಇವಳು ದಿನಾ ಮೀನಿಗೆ ಹೋಗುವುದು ಹೇಗೆ — ಬ್ಯಾಟರಿಯ ನಟ್ಟು, ಕಾರೆಲ್ಲ ತುಕ್ಕು ಹಿಡಿದಿರುವಾಗ ಆ ನಟ್ಟೊಂದು ಥಳಥಳ ಹೊಳೆಯುತ್ತಿತ್ತು, ರಾತ್ರಿ ಬಿಚ್ಚಿ ವೈರು ಕಳಚಿಡುತ್ತಾಳೆ, ಬೆಳಿಗ್ಗೆ ಬಿಗಿಯುತ್ತಾಳೆ, ಕೊಂಡೊಯ್ಯುವವರಿಗೆ ಮಾತ್ರ ಹೇಳುವುದಿಲ್ಲ. ತಲೆಯೆತ್ತಿದೆ, ಹೊಸ್ತಿಲಲ್ಲಿ ನಿಂತಿದ್ದಾಳೆ, ಚಪ್ಪಲಿಯೊಳಗೆ ಕೆಂಪು ಉಗುರು, ನನ್ನನ್ನೇ ನೋಡುತ್ತಿದ್ದಾಳೆ, ಮಂದಬುದ್ಧಿ ಯಾರು ಇಲ್ಲಿ.

ಸಿಕ್ತಾ ಮನೊಂಗ್, ರೊದೆಲ್ ಗಡಿಯಾರ ನೋಡಿಕೊಂಡ, ಮಧ್ಯಾಹ್ನದ ಹಡಗು ಹಿಡೀಬೇಕು. ಬೆರಳಿನಲ್ಲಿ ದೀಪದ ವೈರಿದೆ, ಒಂದು ಸಲ ಎಳೆದರೆ ಸಾಕು, ಕಾರು ಸೆಬುವಿಗೆ, ಇಸ್ತೋಯ್ ಕೈಯಿಟ್ಟರೆ ಆಗದ ರಿಪೇರಿಯೇ ಇಲ್ಲ ಅನ್ನುವ ಹೆಸರೂ ಉಳಿಯುತ್ತದೆ, ಅದೊಂದೇ ಅಲ್ಲವೇ ನಾನು ಸಂಪಾದಿಸಿದ್ದು, ಬೇರೆ ಮೆಕ್ಯಾನಿಕ್ಕುಗಳನ್ನೆಲ್ಲ ಉಗಿದು ಉಗಿದು ಸಂಪಾದಿಸಿದ್ದು — ಗೊತ್ತಾಗ್ತಿಲ್ಲ ಕಣಪ್ಪ, ಯಾರ ಬಾಯಿಂದ ಬಂತು ಈ ಮಾತು, ನನ್ನದರಿಂದಲೇ, ವೈರಿಂಗೆಲ್ಲ ಒಳಗೇ ಕೊಳೆತಿದೆ, ಎಲ್ಲಿ ಅಂತ ನಂಗೂ ತಿಳೀತಿಲ್ಲ, ನನ್ನ ಕೈಲಾಗೋದಿಲ್ಲ. ರೊದೆಲ್ ನಕ್ಕ, ಇಷ್ಟೇನಾ ಮನೊಂಗ್ ಇಸ್ತೋಯ್ ಅಂದ್ರೆ, ವಯಸ್ಸಾಯ್ತು ಬಿಡಿ, ಈ ದರಿದ್ರ ಇಲ್ಲೇ ಕೊಳೀಲಿ, ಅಣ್ಣನಿಗೆ ಹೇಳ್ತೀನಿ, ಹೇಳಲಿ, ಸಂತೆಯಲ್ಲಿ ಡಂಗುರ ಸಾರಲಿ, ನಾಳೆಯಿಂದ ನನ್ನ ಅಂಗಡಿ ಮುಂದೆ ಪಡ್ಡೆಗಳೂ ಡೈನಮೊ ಪಾಠ ಹೇಳಿಕೊಡುತ್ತಾರೆ, ದೀಪದ ವೈರು ಬಿಟ್ಟು ಫ್ಯೂಸುಗಳನ್ನು ಒಂದೊಂದಾಗಿ ವಾಪಸು ಒತ್ತುತ್ತಿದ್ದೇನೆ, ಇವನ ಮುಖಕ್ಕೆ ಉತ್ತರ ಹೇಳಲು ನಾಲಿಗೆ ತುರಿಸುತ್ತಿದೆ, ಒಂದೇ ಮಾತು, ಕತ್ತೆ, ನಿನ್ನ ಮೂಗಿನ ಕೆಳಗೇ, ನೋಡು, ಅಲ್ಲಿ, ಆ ಕೆಂಪು ದೀಪ, ಹಾಡುಹಗಲಲ್ಲಿ, ಆ ದೀಪ